41 ಪುಸ್ತಕದ ಡಿಸ್ಕ್‌ವರ್ಲ್ಡ್: ಊರಿನ ವಾಚನಾಲಯಕ್ಕೆ ಮೊದಲು ಯಾವ ಆರು ತರಿಸುವುದು?

ಬದಿಯಡ್ಕದ ಕಪಾಟು

ವಾಚನಾಲಯದ ಇಂಗ್ಲಿಷ್ ಕಪಾಟಿಗೆ ಟೆರ್ರಿ ಪ್ರ್ಯಾಚೆಟ್‌ನ ಡಿಸ್ಕ್‌ವರ್ಲ್ಡ್ ಕಾದಂಬರಿಗಳನ್ನು ತರಿಸುವುದು ಅಂತ ಆಗಿದೆ. ಮಾಟ-ಮಂತ್ರದ ಒಂದು ಕಲ್ಪನೆಯ ಲೋಕದಲ್ಲಿ ನಡೆಯುವ ಹಾಸ್ಯದ ಕತೆಗಳು ಅವು. ಒಟ್ಟು 41 ಉಂಟು, ದುಡ್ಡು ಇರುವುದು ಆರಕ್ಕೆ. ಓದುವವರಲ್ಲಿ ಹೆಚ್ಚಿನವರು ಪ್ಲಸ್ ಟು ಮಕ್ಕಳು, ಕನ್ನಡ ಮೀಡಿಯಂನವರು. ಇಂಗ್ಲಿಷ್ ಓದುತ್ತಾರೆ, ಆದರೆ ನಿಧಾನ. ಮತ್ತೆ ನಾಲ್ಕೈದು ಜನ ದೊಡ್ಡವರು. ಪುರಾಣ, ಪತ್ತೇದಾರಿ, ತಾಳಮದ್ದಳೆ ಎಲ್ಲ ಬೇಕು ಅವರಿಗೆ. 1ರಿಂದ 6ರವರೆಗೆ ತರಿಸಿದರೆ ಮುಗಿಯಿತಲ್ಲ ಅಂತ ಸಮಿತಿಯವರು ಹೇಳುತ್ತಾರೆ. ಹಾಗೆ ಮಾಡಬಹುದಾ?

ಪೆರ್ಲದ ಪುಸ್ತಕಹುಳು

ಬೇಡ ಮಾರಾಯ್ರೆ. 1ರಿಂದ 6 ಅಂದರೆ ದಿ ಕಲರ್ ಆಫ್ ಮ್ಯಾಜಿಕ್ (1983), ದಿ ಲೈಟ್ ಫೆಂಟಾಸ್ಟಿಕ್ (1986), ಈಕ್ವಲ್ ರೈಟ್ಸ್, ಮಾರ್ಟ್ (ಎರಡೂ 1987), ಸೋರ್ಸರಿ, ವಿಯರ್ಡ್ ಸಿಸ್ಟರ್ಸ್ (ಎರಡೂ 1988). ಇದರಲ್ಲಿ ಮೊದಲೆರಡು ಒಂದೇ ಕತೆಯ ಎರಡು ತುಂಡು. ಮೊದಲನೆಯದರ ಕೊನೆಗೆ ಅಳ್ಳೆದೆಯ ಮಾಂತ್ರಿಕ ರಿನ್ಸ್‌ವಿಂಡ್ ತಟ್ಟೆಯಂಥ ಲೋಕದ ಅಂಚಿನಿಂದ ಕೆಳಗೆ ಬೀಳುತ್ತಾ ಇರುತ್ತಾನೆ, ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ಯಾರಾದರೂ ಮನೆಗೆ ಕೊಂಡುಹೋಗಿದ್ದರೆ ಮೊದಲನೆಯದು ಓದಿದವನು ಅಂಚಿನಲ್ಲೇ ನೇತಾಡಬೇಕು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಕಲರ್ ಆಫ್ ಮ್ಯಾಜಿಕ್ ಪೂರ್ತಿ ಅಣಕ. ಆ ಕಾಲದಲ್ಲಿ ಇಂಗ್ಲಿಷಿನಲ್ಲಿ ರಾಶಿ ಬೀಳುತ್ತಿದ್ದ ಕತ್ತಿ-ಮಂತ್ರದ ಕತೆಗಳನ್ನು ಆಡಿಕೊಳ್ಳುವುದು. ಒಂದು ಭಾಗದಲ್ಲಿ ಫ್ರಿಟ್ಜ್ ಲೀಬರ್‌ನ ಜೋಡಿ ಕಳ್ಳರು, ಇನ್ನೊಂದರಲ್ಲಿ ಲವ್‌ಕ್ರಾಫ್ಟ್‌ನ ಭಯಾನಕ ದೇವಾಲಯ, ಮತ್ತೊಂದರಲ್ಲಿ ಆನ್ ಮೆಕ್ಯಾಫ್ರಿಯ ಡ್ರ್ಯಾಗನ್ ಸವಾರರು. ಮೂಲ ಹಾಡು ಗೊತ್ತಿಲ್ಲದವನ ಮುಂದೆ ಅಣಕವಾಡು ಹಾಡಿದ ಹಾಗೆ ಆಗುತ್ತದೆ. ಮಕ್ಕಳು ಐವತ್ತನೆಯ ಪುಟಕ್ಕೆ ಪುಸ್ತಕ ವಾಪಸು ತಂದು ಇಡುತ್ತಾರೆ, ಮತ್ತೆ ಉಳಿದ 40ನ್ನು ಮುಟ್ಟುವುದೂ ಇಲ್ಲ.

ಚೆಂಡೆಪೆಟ್ಟು

ಸಮಿತಿಯವರಿಗೆ ಹೀಗೆ ಹೇಳಿ: ಯಕ್ಷಗಾನ ಆಟಕ್ಕೆ ಹೋಗುವವ ಆದಿಪರ್ವದಿಂದ ಸುರು ಮಾಡಿಕೊಂಡು ಬರುವುದಿಲ್ಲ. ಇವತ್ತು ಯಾವ ಪ್ರಸಂಗವೋ ಅದಕ್ಕೆ ಹೋಗಿ ಕೂತುಕೊಳ್ಳುತ್ತಾನೆ. ಡಿಸ್ಕ್‌ವರ್ಲ್ಡ್ ಹಾಗೆಯೇ. ಒಂದೊಂದು ಪುಸ್ತಕ ಒಂದೊಂದು ಪ್ರಸಂಗ, ಆವತ್ತಿನ ಕತೆ ಆವತ್ತೇ ಮುಗಿಯುತ್ತದೆ (ಮೊದಲೆರಡು ಬಿಟ್ಟು). ಆದರೆ ಅದೇ ವೇಷಗಳು ಮತ್ತೆ ಮತ್ತೆ ಬರುವುದರಿಂದ ಎಳೆಗಳು ಹುಟ್ಟಿಕೊಂಡಿವೆ. ಲೆಕ್ಕ ಹೀಗೆ:

ರಿನ್ಸ್‌ವಿಂಡ್ ಮತ್ತು ಮಾಂತ್ರಿಕರ ವಿಶ್ವವಿದ್ಯಾಲಯ 8, ಮಾಟಗಾತಿಯರು 6, ಸಾವು (ಇಲ್ಲಿ ಅವನೂ ಒಂದು ಪಾತ್ರ) 5, ನಗರದ ಕಾವಲು ಪಡೆ 8, ಮಾಯಿಸ್ಟ್ ಎಂಬ ಠಕ್ಕನದು 3, ಟಿಫನಿ ಎಂಬ ಹುಡುಗಿಯದು 5, ಯಾವ ಎಳೆಗೂ ಸೇರದ ಬಿಡಿ ಪುಸ್ತಕಗಳು 6. ಕೂಡಿಸಿ, 41 ಸರಿಯಾಗುತ್ತದೆ. ಕೆಲವರು ಒಂದೆರಡನ್ನು ಅತ್ತಿತ್ತ ಹಾಕುತ್ತಾರೆ, ಅದು ಜಗಳದ ವಿಷಯ, ಬಿಡಿ.

ನೀವು ಆರಿಸಬೇಕಾದ್ದು ಎಳೆಯನ್ನು. ಮುಖಪುಟದ ಸಂಖ್ಯೆ ಈಗ ಬೇಡ.

ಮುಳ್ಳೇರಿಯ ಮಳೆ

ಸಂಖ್ಯೆ ಬೇಡ ಅನ್ನುವುದು ಸ್ವಲ್ಪ ಅವಸರದ ಮಾತು. ಪ್ರಕಟವಾದ ಕ್ರಮಕ್ಕೆ ಅದರದ್ದೇ ಬೆಲೆ ಉಂಟು. ಆಂಕ್-ಮಾರ್ಪಾರ್ಕ್ ಎಂಬ ಊರು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೆ. ಸುರುವಿಗೆ ಬರೇ ಕೊಳಕು ಪೇಟೆ. 25ನೆಯದಾದ ದಿ ಟ್ರೂತ್‌ನಲ್ಲಿ (2000) ಅಚ್ಚುಮೊಳೆ ಬರುತ್ತದೆ, ಪತ್ರಿಕೆ ಸುರುವಾಗುತ್ತದೆ. 33ರಲ್ಲಿ ಅಂಚೆ, 36ರಲ್ಲಿ ಬ್ಯಾಂಕು ಮತ್ತು ನೋಟು, 40ರಲ್ಲಿ ಉಗಿಬಂಡಿ. ಕುಳ್ಳರೂ ದೈತ್ಯ ಟ್ರೋಲ್‌ಗಳೂ ವಲಸೆ ಬಂದು ಊರಲ್ಲಿ ತುಂಬಿಕೊಳ್ಳುತ್ತಾರೆ, ಅವರವರ ಹಳೆ ಜಗಳವನ್ನೂ ಹೊತ್ತುಕೊಂಡು. ಇದನ್ನು ಕ್ರಮದಲ್ಲಿ ನೋಡುವುದೇ ಒಂದು ಸುಖ. ನಡುವಿನಿಂದ ಸುರು ಮಾಡಿದವರಿಗೆ ಹಿಂದೆ ಹೋದಾಗ ಹಳೆಯವು ಸಪ್ಪೆ ಕಾಣುತ್ತವೆ, ಅದೂ ನಿಜ.

ಪೆರ್ಲದ ಪುಸ್ತಕಹುಳು

41ನ್ನೂ ಓದುತ್ತೇನೆ ಅಂತ ಹಟ ತೊಟ್ಟವನಿಗೆ ನಿಮ್ಮ ಮಾತು ಸರಿ. ಆರು ಪುಸ್ತಕದ ಕಪಾಟಿಗೆ ಸರಿಯಲ್ಲ. ಉಗಿಬಂಡಿ ಬರುವುದನ್ನು ನೋಡಬೇಕಾದರೆ ಮಗು ಮೊದಲು ಎರಡನೇ ಪುಸ್ತಕ ತೆರೆಯಬೇಕಲ್ಲ.

ನನ್ನ ಮೊದಲ ಓಟು ಗಾರ್ಡ್ಸ್! ಗಾರ್ಡ್ಸ್! (1989). ಕಾವಲು ಪಡೆಯ ಎಳೆಯ ಮೊದಲನೆಯದು. ಪತ್ತೇದಾರಿ ಓದುವವರಿಗೆ ಹಿಡಿಯುತ್ತದೆ, ಆಂಕ್-ಮಾರ್ಪಾರ್ಕಿನ ಪರಿಚಯವೂ ಅದರಲ್ಲೇ ಆಗುತ್ತದೆ. ಈ ಊರಲ್ಲಿ ಕಳ್ಳರಿಗೂ ಅಧಿಕೃತ ಸಂಘ ಉಂಟು, ಕದ್ದ ಮೇಲೆ ರಶೀದಿ ಕೊಡುತ್ತಾರೆ. ಕಾವಲು ಪಡೆ ಅಂದರೆ ಮೂರು ಜನ, ಅದರ ಕ್ಯಾಪ್ಟನ್ ವೈಮ್ಸ್ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾನೆ. ಅಲ್ಲಿಗೆ ಕುಳ್ಳರ ಮನೆಯಲ್ಲಿ ಬೆಳೆದ ಆರೂವರೆ ಅಡಿಯ ಹುಡುಗ ಕ್ಯಾರಟ್ ಬರುತ್ತಾನೆ. ಕಾನೂನು ಪುಸ್ತಕ ಬಾಯಿಪಾಠ ಮಾಡಿಕೊಂಡು ಬಂದವ. ಬಂದವನೇ ಕಳ್ಳರ ಸಂಘದ ಅಧ್ಯಕ್ಷನನ್ನು ಬಂಧಿಸುತ್ತಾನೆ, ಕಳ್ಳತನ ಅಪರಾಧ ಅಂತ ಪುಸ್ತಕದಲ್ಲಿ ಬರೆದಿದೆಯಲ್ಲ! ಇದಕ್ಕೆ ನಗಲು ಯಾವ ಇಂಗ್ಲಿಷ್ ಕತೆಯೂ ಮೊದಲೇ ಗೊತ್ತಿರಬೇಕಾಗಿಲ್ಲ.

ಎಡವುವ ಜಾಗ ಮೊದಲ ನಲವತ್ತು ಪುಟ. ಮೂರು ಕಡೆಯ ಕತೆ ಒಟ್ಟೊಟ್ಟಿಗೆ ಸುರುವಾಗುತ್ತದೆ: ಮಳೆಯಲ್ಲಿ ಬಿದ್ದ ವೈಮ್ಸ್, ಕ್ಯಾರಟ್, ಮತ್ತೆ ಗುಪ್ತ ಸಂಕೇತ ಹೇಳುವಾಗ ತಪ್ಪು ಬಾಗಿಲು ತಟ್ಟುವ ಒಂದು ರಹಸ್ಯ ಮಂಡಳಿ. ಮೂರೂ ಬೇರೆ ಬೇರೆ ಕತೆ ಅಂತ ತಿಳಿದು ಬಿಡುವವರು ಇದ್ದಾರೆ. ಮಕ್ಕಳಿಗೆ ಕೊಡುವಾಗಲೇ ಹೇಳಿಬಿಡಿ, ಡ್ರ್ಯಾಗನ್ ಬರುವವರೆಗೆ ತಾಳಿ, ಮೂರೂ ಕೂಡುತ್ತದೆ ಅಂತ.

ಟೀಚರ್_ಮಂಜೇಶ್ವರ

ಪ್ಲಸ್ ಟು ಮಕ್ಕಳಿಗಾದರೆ ಮಾರ್ಟ್ ಇನ್ನೂ ಸುಲಭ. ಕತೆ ನೇರ ಹೋಗುತ್ತದೆ, ಪಾತ್ರ ಕಡಿಮೆ, ಪುಸ್ತಕವೂ ತೆಳು. ಕೂಲಿಗೆ ಆಳು ಹಿಡಿಯುವ ಸಂತೆಯಲ್ಲಿ ಯಾರಿಗೂ ಬೇಡವಾದ ಹುಡುಗ ಮಧ್ಯರಾತ್ರಿಯವರೆಗೆ ನಿಂತಿರುತ್ತಾನೆ. ಕೊನೆಗೆ ಬಿಳಿ ಕುದುರೆ ಏರಿ ಬರುವವನು ಸಾವು, ಕೆಲಸ ಕಲಿಸಲು ಒಬ್ಬ ಶಿಷ್ಯ ಬೇಕಾಗಿದೆ ಅವನಿಗೆ. ನಮ್ಮ ಮಕ್ಕಳಿಗೆ ಇದರಲ್ಲಿ ಹೊಸತೇನೂ ಇಲ್ಲ. ನಚಿಕೇತ ಯಮನ ಮನೆಯಲ್ಲಿ ಮೂರು ರಾತ್ರಿ ಕಾದ, ಇವನು ಅಲ್ಲೇ ಕೆಲಸಕ್ಕೆ ಸೇರಿದ, ಅಷ್ಟೇ ವ್ಯತ್ಯಾಸ. ಚಿತ್ರಗುಪ್ತನ ಕಡತದ ಜಾಗದಲ್ಲಿ ಒಂದು ದೊಡ್ಡ ಗ್ರಂಥಾಲಯ, ಅದರಲ್ಲಿ ಪ್ರತಿಯೊಬ್ಬನ ಜೀವನಚರಿತ್ರೆ ತನ್ನಷ್ಟಕ್ಕೆ ಬರೆದುಕೊಳ್ಳುತ್ತಾ ಇರುತ್ತದೆ. ಕೋಣದ ಜಾಗಕ್ಕೆ ಕುದುರೆ, ಅದರ ಹೆಸರು ಬಿಂಕಿ.

ಈ ಸಾವು ಇಡೀ ಮಾಲೆಯಲ್ಲಿ ಎರಡೇ ಪುಸ್ತಕ ಬಿಟ್ಟು (ದಿ ವೀ ಫ್ರೀ ಮೆನ್, ಸ್ನಫ್) ಎಲ್ಲದರಲ್ಲೂ ಒಂದು ಸಲವಾದರೂ ಮುಖ ತೋರಿಸುತ್ತಾನೆ. ಆದ್ದರಿಂದ ಮಾರ್ಟ್ ಓದಿದವನಿಗೆ ಮತ್ತೆ ಯಾವುದು ಹಿಡಿದರೂ ಒಬ್ಬ ಪರಿಚಯದವ ಸಿಕ್ಕಿಯೇ ಸಿಗುತ್ತಾನೆ.

ಓದಿ ಹೇಳುವವರಿಗೆ ಒಂದು ತೊಡಕು. ಇಂಗ್ಲಿಷಿನಲ್ಲಿ ಸಾವಿನ ಮಾತು ಪೂರ್ತಿ ಸಣ್ಣ ಗಾತ್ರದ ದೊಡ್ಡಕ್ಷರದಲ್ಲಿ ಇರುತ್ತದೆ, ಉದ್ಧರಣ ಚಿಹ್ನೆ ಇರುವುದಿಲ್ಲ. ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲ. ತರಗತಿಗೆ ಒಂದೆರಡು ಪುಟ ಅನುವಾದ ಮಾಡುವುದಾದರೆ ಸಾವಿನ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ, ಚಿಹ್ನೆ ತೆಗೆಯಿರಿ, ಕೆಲಸ ನಡೆಯುತ್ತದೆ. ಬಾಯಲ್ಲಿ ಓದುವಾಗ ಬಣ್ಣದ ವೇಷದ ಅಬ್ಬರ ಕೊಟ್ಟರೆ ಕೆಟ್ಟಿತು. ಅವನು ಕೂಗುವವನಲ್ಲ. ಏರಿಳಿತ ಇಲ್ಲದೆ, ನಿಧಾನಕ್ಕೆ, ತುಂಬ ಮರ್ಯಾದೆಯಿಂದ ಮಾತಾಡುವವನು. ನಗು ಬರುವುದೇ ಆ ಮರ್ಯಾದೆಗೆ.

ಬದಿಯಡ್ಕದ ಕಪಾಟು

ಟೀಚರ್, ಭಾಷೆ ಹೇಗೆ? ಶ್ಲೇಷೆ ತುಂಬ ಅಂತ ಕೇಳಿದ್ದೇನೆ. ಮಕ್ಕಳಿಗೆ ಅರ್ಥ ಆದೀತಾ?

ಅಡಿಟಿಪ್ಪಣಿ

ಇದಕ್ಕೆ ನಾನು ಹೇಳುತ್ತೇನೆ. ಶ್ಲೇಷೆ ಎರಡು ನಮೂನೆ. ಒಂದು ಕಣ್ಣಿಗೆ ಸಿಗುವುದು, ಇನ್ನೊಂದು ಕಿವಿಗೆ. ಕಿವಿಯದ್ದಕ್ಕೆ ಉದಾಹರಣೆ ಕಲರ್ ಆಫ್ ಮ್ಯಾಜಿಕ್‌ನದ್ದೇ. ದೂರದೇಶದಿಂದ ಬಂದ ಪ್ರವಾಸಿ ಟೂಫ್ಲವರ್ ಹೆಂಡದಂಗಡಿಯವನಿಗೆ 'ಇನ್-ಸೂವರ್-ಆಂಟ್ಸ್' ಅನ್ನುವ ಹೊಸ ವ್ಯಾಪಾರದ ವಿಷಯ ಹೇಳುತ್ತಾನೆ. ಕಣ್ಣಲ್ಲಿ ಓದಿದರೆ ಹೋಟೆಲು, ಚರಂಡಿ, ಇರುವೆ. ಬಾಯಲ್ಲಿ ವೇಗವಾಗಿ ಹೇಳಿ, ಇನ್ಶೂರೆನ್ಸ್! ಅಂಗಡಿಯವನಿಗೆ ಅದು ಚೆನ್ನಾಗಿ ಅರ್ಥ ಆಗಿಬಿಡುತ್ತದೆ, ಆಮೇಲೆ ಊರಿಗೆ ಬೆಂಕಿ ಬೀಳುವುದು ಅದರಿಂದಲೇ. ಆ ಅಂಗಡಿಯ ಹೆಸರು ಬ್ರೋಕನ್ ಡ್ರಮ್. ಒಡೆದ ಚೆಂಡೆಯನ್ನು ಬಾರಿಸುವ ಹಾಗಿಲ್ಲ. ಇಂಗ್ಲಿಷಿನಲ್ಲಿ 'ಬೀಟ್' ಅಂದರೆ ಬಾರಿಸುವುದೂ ಹೌದು, ಸೋಲಿಸುವುದೂ ಹೌದು. ಹಾಗಾಗಿ ಅದನ್ನು ಮೀರಿಸುವ ಅಂಗಡಿ ಇಲ್ಲ ಅಂತ ಅರ್ಥ. ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದು ಪದವನ್ನು ನಾಲ್ಕು ಕಡೆ ಒಡೆದು ತೋರಿಸುವುದನ್ನು ಕೇಳಿದವರಿಗೆ ಈ ಆಟದ ಜಾಡು ಬೇಗ ಸಿಗುತ್ತದೆ.

ಕ್ರಮ ಇಷ್ಟು: ವಿಚಿತ್ರ ಹೆಸರು ಅಥವಾ ಗೆರೆ ಹಾಕಿ ತುಂಡು ಮಾಡಿದ ಶಬ್ದ ಬಂದರೆ ನಿಲ್ಲಿ, ಗಟ್ಟಿಯಾಗಿ ಒಂದು ಸಲ ಹೇಳಿ. ಹೊಳೆಯದಿದ್ದರೆ ಮುಂದೆ ಹೋಗಿ. ಪ್ರತಿ ಪುಟದಲ್ಲಿ ನಾಲ್ಕು ನಗೆಯಿದ್ದರೆ ಎರಡು ಸಿಕ್ಕಿದರೆ ಸಾಕು, ಕತೆ ಕೈಬಿಡುವುದಿಲ್ಲ. ನಿಘಂಟು ತೆಗೆದು ಕೂತರೆ ಮಾತ್ರ ಕಷ್ಟ, ಅರ್ಧ ಶಬ್ದ ಅವನೇ ಕಟ್ಟಿದ್ದು.

ಇನ್ನೆರಡು ಸಂಗತಿ. ಹೆಚ್ಚಿನ ಪುಸ್ತಕಗಳಲ್ಲಿ ಅಧ್ಯಾಯವೇ ಇಲ್ಲ. ನಿಧಾನ ಓದುವವರಿಗೆ ಎಲ್ಲಿ ನಿಲ್ಲಿಸುವುದು ಅಂತ ಗೊತ್ತಾಗದೆ ಸುಸ್ತಾಗುತ್ತದೆ. ದೃಶ್ಯ ಬದಲಾಗುವಲ್ಲಿ ಒಂದು ಸಾಲು ಖಾಲಿ ಬಿಟ್ಟಿರುತ್ತಾರೆ. ಇಪ್ಪತ್ತೈದು ಮೂವತ್ತು ಪುಟಕ್ಕೊಂದು ಅಂಥ ಜಾಗ ನೋಡಿ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿಡಿ, ಓದುಕೂಟಕ್ಕೆ ವಾರದ ಪಾಲು ಅಷ್ಟು. ಮತ್ತೆ ಅಡಿಟಿಪ್ಪಣಿ: ಇವನ ಅಡಿಟಿಪ್ಪಣಿ ಪರೀಕ್ಷೆಯ ಪುಸ್ತಕದ ಹಾಗೆ ಹಾರಿಸುವಂಥದ್ದಲ್ಲ, ಅರ್ಧ ಹಾಸ್ಯ ಅಲ್ಲೇ ಇರುವುದು. ನಕ್ಷತ್ರದ ಗುರುತು ಕಂಡ ಕೂಡಲೇ ಕೆಳಗೆ ಇಳಿಯಬೇಕು. ಮೊಬೈಲಿನಲ್ಲಿ ಇ-ಪುಸ್ತಕ ಓದಿದರೆ ಕೆಲವು ಆವೃತ್ತಿಗಳಲ್ಲಿ ಟಿಪ್ಪಣಿಗಳೆಲ್ಲ ಪುಸ್ತಕದ ಬಾಲಕ್ಕೆ ಹೋಗಿ ಕೂತಿರುತ್ತವೆ. ಅದಕ್ಕೇ ವಾಚನಾಲಯಕ್ಕೆ ಕಾಗದದ ಪುಸ್ತಕವೇ ಒಳ್ಳೆಯದು.

ಕುಂಬಳೆ ಕಡಲು

ಎಲ್ಲರೂ ಪೇಟೆ, ಪೊಲೀಸು ಅಂತ ಹೇಳುತ್ತಿದ್ದೀರಿ. ದೊಡ್ಡವರಿಗೆ, ಅದರಲ್ಲೂ ಪುರಾಣ ಓದುವವರಿಗೆ, ಸ್ಮಾಲ್ ಗಾಡ್ಸ್ (1992). ಸಂಖ್ಯೆ 13, ಆದರೆ ಯಾವ ಎಳೆಗೂ ಸೇರಿದ್ದಲ್ಲ. ಉಳಿದ ಕತೆಗಳಿಗಿಂತ ಹಿಂದಿನ ಕಾಲದಲ್ಲಿ ನಡೆಯುವುದು. ಹಿಂದಿನದು ಓದಿರಬೇಕಾಗಿಲ್ಲ, ಮುಂದಿನದರ ಗುಟ್ಟೂ ಒಡೆಯುವುದಿಲ್ಲ.

ಆ ಲೋಕದಲ್ಲಿ ದೇವರ ಶಕ್ತಿ ನಂಬುವವರ ನಂಬಿಕೆಯಷ್ಟೇ. ಓಮ್ ಎಂಬ ಮಹಾದೇವರು ಹೋರಿಯ ರೂಪದಲ್ಲಿ ಇಳಿದು ಬರಲು ಹೊರಟರೆ ಆದದ್ದು ಆಮೆ. ಯಾಕೆ? ದೇಶ ತುಂಬ ಗುಡಿ, ಅರ್ಚಕರು, ವಿಚಾರಣೆಯ ಕೋಣೆಗಳು ಉಂಟು, ಆದರೆ ಮನಸಾರೆ ನಂಬುವವ ಒಬ್ಬನೇ ಉಳಿದಿದ್ದಾನೆ: ತೋಟದ ಕೆಲಸ ಮಾಡುವ ಬ್ರೂಥಾ, ಓದು ಬಾರದ, ಆದರೆ ಒಮ್ಮೆ ಕಂಡದ್ದನ್ನು ಮರೆಯದ ಹುಡುಗ. ದೇವರನ್ನು ಒಬ್ಬ ಕಂಕುಳಲ್ಲಿ ಹೊತ್ತುಕೊಂಡು ತಿರುಗುವ ಕತೆ ಅದು. ಮನೆಮನೆಗೆ, ತರವಾಡಿಗೆ ಒಂದೊಂದು ದೈವ ಇರುವ ನಮ್ಮ ಕಡೆಯವರಿಗೆ ಸಣ್ಣ ದೇವರು ಅಂದರೇನು ಅಂತ ವಿವರಿಸಬೇಕಾ?

ಇನ್ನೊಂದು ತಮಾಷೆ. ಭೂಮಿ ಆಮೆಯ ಮೇಲಿದೆ ಎನ್ನುವುದು ಈ ಮಾಲೆಯಲ್ಲಿ ಸತ್ಯ. ಮಹಾ ಆಮೆ ಅ'ಟುಯಿನ್, ಅದರ ಬೆನ್ನಿಗೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಲೋಕ. ಆದರೆ ಸ್ಮಾಲ್ ಗಾಡ್ಸ್‌ನ ದೇಶದಲ್ಲಿ ಹಾಗೆ ಹೇಳುವುದು ಧರ್ಮದ್ರೋಹ. ಭೂಮಿ ಉಂಡೆ ಅಂತಲೇ ಹೇಳಬೇಕು! ಕೂರ್ಮನನ್ನೂ ಅಷ್ಟದಿಗ್ಗಜಗಳನ್ನೂ ಚಿಕ್ಕಂದಿನಿಂದ ಕೇಳಿದವರಿಗೆ ಈ ತಿರುವು ಇಂಗ್ಲೆಂಡಿನವರಿಗಿಂತ ಹೆಚ್ಚು ರುಚಿಸುತ್ತದೆ.

ಚೆಂಡೆಪೆಟ್ಟು

ಕಡಲಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮಗೆ ದಿಗ್ಗಜ ಎಂಟು, ಅಲ್ಲಿ ನಾಲ್ಕು. ಆದರೆ ಮಾಂತ್ರಿಕ ಸಂಖ್ಯೆ ಅಲ್ಲಿಯೂ ಎಂಟೇ. ಎಂಟನೆಯ ಮಗನ ಎಂಟನೆಯ ಮಗ ಹುಟ್ಟಿನಿಂದ ಮಾಂತ್ರಿಕ. ಈಕ್ವಲ್ ರೈಟ್ಸ್‌ನಲ್ಲಿ ಸಾಯುವ ಮುದುಕ ಅಂಥ ಮಗು ಅಂತ ತಿಳಿದು ದಂಡ ದಾಟಿಸುತ್ತಾನೆ, ಆಮೇಲೆ ನೋಡಿದರೆ ಹೆಣ್ಣು ಮಗು. ಎಂಟನೆಯ ಗರ್ಭದ ಕತೆ ಗೊತ್ತಿಲ್ಲದ ಮನೆ ನಮ್ಮಲ್ಲಿ ಯಾವುದುಂಟು?

ಹಾಗಂತ ಅದರಿಂದ ಸುರು ಮಾಡಬೇಡಿ. ಮಾಟಗಾತಿಯರ ಎಳೆಯಲ್ಲಿ ಅದು ಮೊದಲನೆಯದು ನಿಜ, ಆದರೆ ಅದರಲ್ಲಿರುವ ಗ್ರ್ಯಾನಿ ವೆದರ್‌ವ್ಯಾಕ್ಸ್ ಇನ್ನೂ ಹದಕ್ಕೆ ಬಂದವಳಲ್ಲ. ನಿಜವಾದ ಮೂವರ ತಂಡ ಕಟ್ಟಿಕೊಳ್ಳುವುದು ವಿಯರ್ಡ್ ಸಿಸ್ಟರ್ಸ್‌ನಲ್ಲಿ. ಅದಕ್ಕೆ ಮ್ಯಾಕ್‌ಬೆತ್‌ನ ಕತೆ ಒಂದು ಪುಟದಷ್ಟು ಗೊತ್ತಿದ್ದರೆ ಸಾಕು: ಮೂವರು ಮಾಟಗಾತಿಯರು, ರಾಜನ ಕೊಲೆ, ಕೈಯ ರಕ್ತ ತೊಳೆದರೂ ಹೋಗದಿರುವುದು.

ಮುಳ್ಳೇರಿಯ ಮಳೆ

ನೈಟ್ ವಾಚ್ (2002) ಯಾರೂ ಹೇಳಲಿಲ್ಲ! ಮಾಲೆಯ ಅತ್ಯುತ್ತಮ ಅಂತ ತುಂಬ ಜನ ಹೇಳುವುದು ಅದನ್ನೇ. ಅದರಲ್ಲಿ ವೈಮ್ಸ್ ಮೂವತ್ತು ವರ್ಷ ಹಿಂದಕ್ಕೆ ಹೋಗಿ ತನ್ನದೇ...

ಪೆರ್ಲದ ಪುಸ್ತಕಹುಳು

ಅಣ್ಣ, ಅಲ್ಲಿಗೇ ನಿಲ್ಲಿಸಿ, ಗುಟ್ಟು ಬಿಡಬೇಡಿ!

ನೈಟ್ ವಾಚ್ ಉತ್ತಮ ಅನ್ನುವುದರಲ್ಲಿ ತಕರಾರಿಲ್ಲ. ಮೊದಲನೆಯದಾಗಿ ಕೊಟ್ಟರೆ ಮಾತ್ರ ಹಾಳು. ಅದರ ತೂಕ ಎಲ್ಲ ನಿಂತಿರುವುದು ಈ ವೈಮ್ಸ್ ಎಲ್ಲಿಂದ ಎಲ್ಲಿಗೆ ಬಂದ ಎನ್ನುವುದರ ಮೇಲೆ. ಚರಂಡಿಯ ವೈಮ್ಸ್ ಗೊತ್ತಿಲ್ಲದವನಿಗೆ ಅದು ಬರೇ ಕಾಲಪ್ರಯಾಣದ ಕತೆ. ಕಾವಲು ಎಳೆಯಲ್ಲಿ ಕಡಿಮೆ ಅಂದರೂ ಮೂರು ಓದಿ ಅಲ್ಲಿಗೆ ಹೋಗಬೇಕು. ಕ್ರಮ: ಗಾರ್ಡ್ಸ್! ಗಾರ್ಡ್ಸ್!, ಮೆನ್ ಅಟ್ ಆರ್ಮ್ಸ್ (1993), ಫೀಟ್ ಆಫ್ ಕ್ಲೇ (1996), ಜಿಂಗೋ (1997), ದಿ ಫಿಫ್ತ್ ಎಲಿಫೆಂಟ್ (1999), ನೈಟ್ ವಾಚ್, ಥಡ್! (2005), ಸ್ನಫ್ (2011). ಈ ಎಳೆಯಲ್ಲಿ ಹಿಂದುಮುಂದು ಮಾಡಿದರೆ ನಷ್ಟ ಹೆಚ್ಚು, ಮದುವೆ, ಬಡ್ತಿ, ಹೊಸ ಪೇದೆಗಳ ಗುಟ್ಟು ಎಲ್ಲ ಮೊದಲೇ ತಿಳಿದುಹೋಗುತ್ತದೆ. ಸಾವಿನ ಎಳೆಯಲ್ಲಿ ಅಷ್ಟು ಕಟ್ಟುನಿಟ್ಟು ಬೇಡ.

ಹಾಗಾಗಿ ಆರರಲ್ಲಿ ಕಾವಲಿನದ್ದು ಎರಡು ಇರಲಿ. ಒಂದು ಓದಿ ರುಚಿ ಹತ್ತಿದವನಿಗೆ ಮುಂದಿನದು ಅದೇ ಕಪಾಟಿನಲ್ಲಿ ಸಿಗಬೇಕು. ಇಲ್ಲದಿದ್ದರೆ ಮಂಗಳೂರಿಗೆ ಹೋಗಿ ಹುಡುಕಬೇಕು, ಅಷ್ಟರಲ್ಲಿ ಉಮೇದು ಇಳಿದಿರುತ್ತದೆ.

ಮೆನ್ ಅಟ್ ಆರ್ಮ್ಸ್‌ನಲ್ಲೇ ಆ ಬೂಟಿನ ಲೆಕ್ಕ ಬರುವುದು. ವೈಮ್ಸ್‌ನ ಸಂಬಳ ತಿಂಗಳಿಗೆ 38 ಡಾಲರ್. ಗಟ್ಟಿ ಬೂಟಿಗೆ 50, ಅಗ್ಗದ್ದಕ್ಕೆ 10. ಐವತ್ತರದ್ದು ಹತ್ತು ವರ್ಷ ಬರುತ್ತದೆ, ಹತ್ತರದ್ದು ಒಂದೆರಡು ಮಳೆಗಾಲಕ್ಕೆ ತೂತು. ದುಡ್ಡಿಲ್ಲದವನು ಹತ್ತು ವರ್ಷದಲ್ಲಿ ಬೂಟಿಗೇ 100 ಸುರಿದಿರುತ್ತಾನೆ, ಕಾಲು ಮಾತ್ರ ಒದ್ದೆ. ಅರ್ಥಶಾಸ್ತ್ರ ಓದುವ ಪ್ಲಸ್ ಟು ಮಕ್ಕಳಿಗೆ ಆ ಒಂದು ಪುಟ ತೋರಿಸಿ ಪುಸ್ತಕ ಕೈಗೆ ಕೊಡಿ, ಬೇರೆ ಪ್ರಚಾರ ಬೇಡ.

ಟೀಚರ್_ಮಂಜೇಶ್ವರ

ಹೈಸ್ಕೂಲಿನ ಮಕ್ಕಳೂ ವಾಚನಾಲಯಕ್ಕೆ ಬರುತ್ತಾರಲ್ಲ? ಅವರಿಗೆ ದಿ ವೀ ಫ್ರೀ ಮೆನ್ (2003). ಟಿಫನಿಗೆ 9 ವರ್ಷ, ಕುರಿ ಸಾಕುವ ಮನೆಯವಳು. ಹೊಳೆಯಿಂದ ಭೂತ ಏಳುತ್ತದೆ ಅಂತ ಗೊತ್ತಾದಾಗ ಇವಳು ತಮ್ಮನನ್ನು ಮಿಠಾಯಿ ಆಸೆಗೆ ಹೊಳೆಬದಿಗೆ ಕರೆತಂದು ಗಾಳಕ್ಕೆ ಎರೆಹುಳು ಇಟ್ಟ ಹಾಗೆ ಕೂರಿಸುತ್ತಾಳೆ. ಭೂತ ಎದ್ದ ಕೂಡಲೇ ಕಬ್ಬಿಣದ ಕಾವಲಿಯಿಂದ ಮುಖಕ್ಕೆ ಒಂದು ಬಾರಿಸುತ್ತಾಳೆ. ಇದು ಪುಸ್ತಕದ ಸುರುವಿಗೇ ಬರುವುದರಿಂದ ಮಕ್ಕಳು ಕೂಡಲೇ ಸಿಕ್ಕಿಬೀಳುತ್ತಾರೆ. ಅಧ್ಯಾಯಗಳೂ ಉಂಟು.

ತೊಂದರೆ ಒಂದೇ, ಫೀಗಲ್‌ಗಳ ಮಾತು. ಆರು ಇಂಚಿನ ನೀಲಿ ಬಣ್ಣದ ಈ ಗಲಾಟೆಕೋರರು ಸ್ಕಾಟ್ಲೆಂಡಿನ ಆಡುಭಾಷೆ ಮಾತಾಡುತ್ತಾರೆ, ಅದನ್ನು ಉಚ್ಚಾರ ಹೇಗೋ ಹಾಗೇ ಅಚ್ಚು ಹಾಕಿದ್ದಾನೆ. ಕಣ್ಣಲ್ಲಿ ಓದಿದರೆ ಒಂದಕ್ಷರ ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಓದಿದರೆ ಅರ್ಧ ತಿಳಿಯುತ್ತದೆ. ನಮ್ಮ ಹವ್ಯಕ ಭಾಷೆಯನ್ನು ಅಚ್ಚಿನಲ್ಲಿ ಕಂಡ ಬೆಂಗಳೂರಿನವರ ಪಾಡು ನೆನೆಸಿಕೊಳ್ಳಿ, ಕಿವಿಗೆ ಬಿದ್ದರೆ ಅವರಿಗೂ ತಕ್ಕಮಟ್ಟಿಗೆ ಗೊತ್ತಾಗುತ್ತದೆ. 'ಕೆನ್' ಅಂದರೆ ಗೊತ್ತು, 'ವೀ' ಅಂದರೆ ಸಣ್ಣ, 'ಡಿನ್ನೆ' ಅಂದರೆ ಮಾಡಬೇಡ ಅಥವಾ ಮಾಡುವುದಿಲ್ಲ, 'ಕ್ರಿವೆನ್ಸ್' ಅಂದರೆ ಅಯ್ಯೋ ದೇವರೇ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ರಟ್ಟಿನ ಒಳಬದಿಗೆ ಅಂಟಿಸಿದರೆ ಅರ್ಧ ಭಾರ ಇಳಿಯಿತು.

ಟಿಫನಿಯ ಐದನ್ನೂ ಕ್ರಮದಲ್ಲೇ ಓದಬೇಕು, ಅವಳು ಪುಸ್ತಕದಿಂದ ಪುಸ್ತಕಕ್ಕೆ ದೊಡ್ಡವಳಾಗುತ್ತಾಳೆ. ಐದನೆಯದು ದಿ ಶೆಫರ್ಡ್ಸ್ ಕ್ರೌನ್, 41ನೆಯದು, ಪ್ರ್ಯಾಚೆಟ್ 2015ರ ಮಾರ್ಚ್‌ನಲ್ಲಿ ತೀರಿಹೋದ ಮೇಲೆ ಅದೇ ವರ್ಷ ಬಂದದ್ದು. ಅದನ್ನು ಯಾರಿಗೂ ಮೊದಲೇ ಕೊಡಬೇಡಿ, ಕೊನೆಗೇ ಓದಬೇಕು. ಕಾರಣ ಹೇಳಿದರೆ ಪುಸ್ತಕಹುಳು ನನ್ನನ್ನೂ ಬೈದಾರು.

ಕುಂಬಳೆ ಕಡಲು

ದಿ ಅಮೇಜಿಂಗ್ ಮಾರಿಸ್ ಆಗದಾ ಟೀಚರ್? ಮಾತಾಡುವ ಬೆಕ್ಕು, ಇಲಿಗಳು, ಕೊಳಲೂದುವ ಹುಡುಗ. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ಕಾರ್ನೆಗಿ ಪದಕ ಬಂದದ್ದು ಅದಕ್ಕೇ.

ಟೀಚರ್_ಮಂಜೇಶ್ವರ

ಆಗಬಹುದು, ಬಿಡಿ ಪುಸ್ತಕ, ಕೊಳಲಿನವನ ಕತೆ ಮಕ್ಕಳಿಗೂ ಗೊತ್ತು. ಆದರೆ ಮುಖಪುಟ ನೋಡಿ ಮೂರನೇ ಕ್ಲಾಸಿನ ಮಗುವಿಗೆ ಕೊಟ್ಟುಬಿಡುತ್ತಾರೆ. ಒಳಗೆ ಇಲಿಬೋನು, ವಿಷ, ಕತ್ತಲೆಯ ನೆಲಮಾಳಿಗೆ ಎಲ್ಲ ಉಂಟು, ಚೆನ್ನಾಗಿಯೇ ಹೆದರಿಸುತ್ತದೆ. ಹನ್ನೊಂದು ಹನ್ನೆರಡರ ಮೇಲಿನವರಿಗೆ ಮಾತ್ರ.

ಅಡಿಟಿಪ್ಪಣಿ

ಆರನೆಯದಕ್ಕೆ ಗೋಯಿಂಗ್ ಪೋಸ್ಟಲ್ (2004) ಹಾಕಿ. ಸಂಖ್ಯೆ 33 ಅಂತ ಹೆದರಬೇಡಿ, ಮಾಯಿಸ್ಟ್‌ನ ಎಳೆ ಅಲ್ಲಿಂದಲೇ ಸುರು. ಗಲ್ಲಿಗೆ ಏರಿದ ಠಕ್ಕನಿಗೆ ಊರಿನ ದೊರೆ ವೆಟಿನಾರಿ ಎರಡು ದಾರಿ ಕೊಡುತ್ತಾನೆ: ಸಾಯಿ, ಇಲ್ಲವೇ ಮುಚ್ಚಿಹೋದ ಅಂಚೆ ಕಚೇರಿ ನಡೆಸು. ಕಚೇರಿಯೊಳಗೆ ಹಂಚದೆ ಬಿಟ್ಟ ಕಾಗದಗಳು ಮಾಡಿನವರೆಗೆ ರಾಶಿ ಬಿದ್ದಿರುತ್ತವೆ. ಅಂಚೆಚೀಟಿ ಎಂಬ ವಸ್ತು ಹುಟ್ಟುವುದೂ ಅಲ್ಲೇ. ಅಧ್ಯಾಯ ಉಂಟು, ಪ್ರತಿ ಅಧ್ಯಾಯಕ್ಕೆ ಹಳೆ ಕಾಲದ ಕಾದಂಬರಿಯ ಹಾಗೆ ಮುಂದೇನು ಅಂತ ತಲೆಬರಹವೂ ಉಂಟು. ನಿಧಾನ ಓದುವವರಿಗೆ ಇದು ದೊಡ್ಡ ಅನುಕೂಲ. ಸುರುವಿಗೆ ಎರಡು ಮುನ್ನುಡಿಯಂಥ ತುಂಡು ಇರುತ್ತದೆ, ಅದು ಗೊಂದಲ. ಅರ್ಥ ಆಗದಿದ್ದರೂ ದಾಟಿ ಮೊದಲ ಅಧ್ಯಾಯಕ್ಕೆ ಹೋಗಿ ಅಂತ ಹೇಳಿ, ಆಮೇಲೆ ತಾನಾಗಿ ಕೂಡುತ್ತದೆ.

ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇದರಲ್ಲಿ ಇನ್ನೊಂದು ಆಕರ್ಷಣೆ. ಗುಡ್ಡದಿಂದ ಗುಡ್ಡಕ್ಕೆ ಗೋಪುರ ಕಟ್ಟಿ ಸಂಕೇತದಲ್ಲಿ ಸುದ್ದಿ ಕಳಿಸುವ 'ಕ್ಲ್ಯಾಕ್ಸ್' ಎಂಬ ವ್ಯವಸ್ಥೆ ಉಂಟು. ಕೆಲಸ ಮಾಡುತ್ತಾ ಸತ್ತವನ ಹೆಸರಿನ ಮುಂದೆ ಜಿ, ಎನ್, ಯು ಹಾಕಿ ಕಳಿಸುತ್ತಾರೆ: ಮುಂದಕ್ಕೆ ಕಳಿಸು, ದಾಖಲೆ ಮಾಡಬೇಡ, ಕೊನೆಯ ಗೋಪುರದಿಂದ ತಿರುಗಿಸು. ಹೀಗೆ ಆ ಹೆಸರು ಸದಾ ತಂತಿಯಿಲ್ಲದ ದಾರಿಯಲ್ಲಿ ಓಡಾಡುತ್ತಾ ಇರುತ್ತದೆ. ಪ್ರ್ಯಾಚೆಟ್ ತೀರಿಹೋದ ಮೇಲೆ ಓದುಗರು ಅವನ ಹೆಸರನ್ನೇ ಹಾಗೆ ತಮ್ಮ ಜಾಲತಾಣಗಳ ಕಾಣದ ತಲೆಸಾಲಿನಲ್ಲಿ ಸೇರಿಸಿಟ್ಟರು.

ಪೆರ್ಲದ ಪುಸ್ತಕಹುಳು

ಕೊಳ್ಳುವಾಗ ಜಾಗ್ರತೆ. ಒಂದೇ ಪುಸ್ತಕ ನಾಲ್ಕೈದು ಮುಖಪುಟದಲ್ಲಿ ಬಂದಿದೆ. ಜನಜಂಗುಳಿಯ ಬಣ್ಣಬಣ್ಣದ ಹಳೆ ಚಿತ್ರ ಜೋಶ್ ಕರ್ಬಿಯದ್ದು, ನೈಟ್ ವಾಚ್‌ನಿಂದ ಆಚೆಯದ್ದು ಪಾಲ್ ಕಿಡ್ಬಿಯದ್ದು, ಮತ್ತೆ ಹೊಸ ಮುದ್ರಣಗಳದ್ದು ಬೇರೆ. ಚಿತ್ರ ನೋಡಿ ಬೇರೆ ಪುಸ್ತಕ ಅಂತ ತಿಳಿದು ಎರಡೆರಡು ತರಿಸಬೇಡಿ, ಹೆಸರು ನೋಡಿ. ಐದೋ ಆರೋ ಒಟ್ಟಿಗೆ ಕಟ್ಟಿ ಮಾರುವ ಸೆಟ್ಟಿನಲ್ಲಿ ಯಾವ ಎಳೆಯದ್ದು ಎಷ್ಟಿದೆ ಅಂತ ಮೊದಲೇ ಓದಿಕೊಳ್ಳಿ. 'ದಿ ಸೈನ್ಸ್ ಆಫ್ ಡಿಸ್ಕ್‌ವರ್ಲ್ಡ್' ನಾಲ್ಕು ಸಂಪುಟ 41ರೊಳಗೆ ಸೇರಿದ್ದಲ್ಲ, ಅರ್ಧ ವಿಜ್ಞಾನದ ಪುಸ್ತಕ. ದಿ ಲಾಸ್ಟ್ ಹೀರೋ ಚಿತ್ರಗಳಿಗಾಗಿಯೇ ಇರುವುದು, ಸಣ್ಣ ಗಾತ್ರದ್ದು ತರಿಸಿ ಪ್ರಯೋಜನವಿಲ್ಲ.

ಆಡಿಯೋ ಬೇಕಾದರೆ ಟೋನಿ ರಾಬಿನ್ಸನ್ ಓದಿದ್ದು ಸಂಕ್ಷಿಪ್ತ, ಕತೆ ತುಂಬ ಕತ್ತರಿಸಿದ್ದಾರೆ. ಪೂರ್ತಿಯದ್ದು ಕೇಳಿ. ಹೊಸ ಪೂರ್ಣ ಆವೃತ್ತಿಗಳಲ್ಲಿ ಅಡಿಟಿಪ್ಪಣಿಗೇ ಬೇರೆ ದನಿ ಇಟ್ಟಿದ್ದಾರೆ, ಬಿಲ್ ನೈಯದ್ದು. ಸಾವಿಗೂ ಬೇರೆ ದನಿ. ಪುಸ್ತಕ ಕೈಯಲ್ಲಿ ಹಿಡಿದು ಮೊದಲ ಅರ್ಧ ಗಂಟೆ ಕೇಳಿದರೆ ಓಟ ಸಿಗುತ್ತದೆ.

ಬದಿಯಡ್ಕದ ಕಪಾಟು

ಹಾಗಾದರೆ ಪಟ್ಟಿ: ಗಾರ್ಡ್ಸ್! ಗಾರ್ಡ್ಸ್!, ಮೆನ್ ಅಟ್ ಆರ್ಮ್ಸ್, ಮಾರ್ಟ್, ಸ್ಮಾಲ್ ಗಾಡ್ಸ್, ದಿ ವೀ ಫ್ರೀ ಮೆನ್, ಗೋಯಿಂಗ್ ಪೋಸ್ಟಲ್. ಸರಿಯಾ? ರಿನ್ಸ್‌ವಿಂಡ್ ಒಂದೂ ಇಲ್ಲವಲ್ಲ.

ಮುಳ್ಳೇರಿಯ ಮಳೆ

ಅನ್ಯಾಯ! ರಿನ್ಸ್‌ವಿಂಡ್ ಕತೆಗಳ ಆ ಕಾಲು ಮೊಳೆತ ಪೆಟ್ಟಿಗೆ ಇಲ್ಲದ ಡಿಸ್ಕ್‌ವರ್ಲ್ಡ್ ಕಪಾಟಾ? ಮಾಂತ್ರಿಕರ ವಿಶ್ವವಿದ್ಯಾಲಯದ ಗ್ರಂಥಪಾಲ ಒರಾಂಗುಟಾನ್ ಆಗುವುದೇ ಎರಡನೇ ಪುಸ್ತಕದಲ್ಲಿ. ವಾಚನಾಲಯದಲ್ಲಿ ಅದಾದರೂ ಬೇಡವಾ?

ಚೆಂಡೆಪೆಟ್ಟು

ಗ್ರಂಥಪಾಲ ಗಾರ್ಡ್ಸ್! ಗಾರ್ಡ್ಸ್!ನಲ್ಲೂ ಬರುತ್ತಾನೆ, ಕತೆಗೆ ಬೇಕಾದಷ್ಟು ಕೆಲಸವನ್ನೂ ಮಾಡುತ್ತಾನೆ. ಮಾತು ಒಂದೇ, 'ಊಕ್'. ಅವನನ್ನು 'ಮಂಕಿ' ಅಂದವನ ಗತಿ ಏನಾಗುತ್ತದೆ ಅಂತ ಮಕ್ಕಳು ಓದಿಯೇ ತಿಳಿಯಲಿ. ಕನ್ನಡಕ್ಕೆ ತರುವವರಿಗೆ ಅದೊಂದು ತಲೆನೋವು, ಇಂಗ್ಲಿಷಿನಲ್ಲಿ ಅವನು 'ಏಪ್', 'ಮಂಕಿ' ಅಲ್ಲ, ನಮಗೆ ಎಲ್ಲವೂ ಮಂಗವೇ. ರಿನ್ಸ್‌ವಿಂಡ್ ಬೇಕೆಂದಾದರೆ ಮುಂದಿನ ಸಲ ಮೊದಲೆರಡನ್ನು ಜೋಡಿಯಾಗಿಯೇ ತರಿಸಿ, ಒಂದೇ ದಾರದಲ್ಲಿ ಕಟ್ಟಿಡಿ.

ಬದಿಯಡ್ಕದ ಕಪಾಟು

ಸರಿ. ಬೆನ್ನಿನ ಸ್ಟಿಕ್ಕರಿನಲ್ಲಿ ಮಾಲೆಯ ಸಂಖ್ಯೆ ಬರೆಯುವುದಾ?

ಅಡಿಟಿಪ್ಪಣಿ

ಬರೆದರೆ 4, 8, 13, 15, 30, 33 ಅಂತ ಆಗುತ್ತದೆ. ನಡುವಿನದ್ದು ಎಲ್ಲಿ ಅಂತ ದಿನಾ ಕೇಳುತ್ತಾರೆ, 1 ಇಲ್ಲದೆ 4 ಹೇಗೆ ಓದುವುದು ಅಂತ ಮುಟ್ಟದೆ ಹೋಗುವವರೂ ಇರುತ್ತಾರೆ. ಎಳೆಯ ಹೆಸರು, ಎಳೆಯೊಳಗಿನ ಕ್ರಮ ಬರೆಯಿರಿ: ಕಾವಲು 1, ಕಾವಲು 2, ಸಾವು 1, ಟಿಫನಿ 1, ಅಂಚೆ 1. ಸ್ಮಾಲ್ ಗಾಡ್ಸ್‌ಗೆ 'ಬಿಡಿ' ಅಂತ ಸಾಕು.

ಬದಿಯಡ್ಕದ ಕಪಾಟು

ಕಾವಲು 3 ಎಲ್ಲಿ ಅಂತ ಕೇಳಿದರೆ?

ಪೆರ್ಲದ ಪುಸ್ತಕಹುಳು

ಫೀಟ್ ಆಫ್ ಕ್ಲೇ. ಕೇಳಿದವರ ಹೆಸರು ರಿಜಿಸ್ಟರಿನ ಹಿಂಬದಿ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮೂರು ಹೆಸರಾದರೆ ಸಮಿತಿಗೆ ತೋರಿಸಿ ಅದನ್ನೇ ಏಳನೆಯದಾಗಿ ತರಿಸಿ.